ಸಂಜೆಯ ಡಾಕ್ಟರನ್ನು ಕೇಳಲು ಹೊರಟಾಗ

ಬೇರೆಯವರು ಕೆಲಸಕ್ಕೆ ಹೋದರೆ ಸಂಜೆ ಸುಸ್ತು ಹೊತ್ತುಕೊಂಡು ಮನೆಗೆ ಬರುತ್ತಾರೆ. ನಾನು ಸುಸ್ತಿನ ಜೊತೆಗೆ ಒಂದು ಕತೆಯನ್ನೂ ಹೊತ್ತುಕೊಂಡು ಬರುತ್ತೇನೆ. ನಾನಾಗಿ ಹುಡುಕಿಕೊಂಡು ಹೋಗುವುದಲ್ಲ. ಎಲ್ಲಿ ಮೀಟಿಂಗ್ ಇಟ್ಟರೂ ಅಲ್ಲಿ ಎಂತಾದರೂ ಒಂದು ಆಗಿಯೇ ಆಗುತ್ತದೆ.

ನನ್ನ ಕೆಲಸ ಯಾವುದೆಂದು ಮೊದಲು ಹೇಳಬೇಕು. ಕಾಸರಗೋಡು ಜಿಲ್ಲೆಯ ಮಹಿಳಾ ಸಂಘಗಳು, ವಾಚನಾಲಯಗಳು, ಯುವಕರ ಕ್ಲಬ್ಬುಗಳು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸ್ವಯಂಸೇವಕರು, ಇಂಥ ಸಣ್ಣ ಸಣ್ಣ ಗುಂಪುಗಳೆಲ್ಲ ಸೇರಿ ಒಂದು ವೇದಿಕೆ ಮಾಡಿಕೊಂಡಿದ್ದೇವೆ. ಕಾಯಿಲೆ ಬಿದ್ದವರು ಯಾರೇ ಇರಲಿ, ಅವರಿಗೆ ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕು, ಅದಕ್ಕಾಗಿ ಯಾರೂ ಮನೆ ಮಾರುವ ಹಾಗಾಗಬಾರದು ಎಂದು ಸರಕಾರದ ಬೆನ್ನು ಹಿಡಿಯುವುದು ವೇದಿಕೆಯ ಕೆಲಸ. ಈ ಗುಂಪುಗಳನ್ನೆಲ್ಲ ಒಂದೇ ದಿನ, ಒಂದೇ ಜಾಗಕ್ಕೆ, ಜಗಳ ಇಲ್ಲದೆ ಕರೆತರುವುದು ನನ್ನ ಕೆಲಸ. ಹುದ್ದೆಯ ಹೆಸರು ಸಂಯೋಜಕಿ. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದೆನಾದ್ದರಿಂದ ಊರವರಿಗೆ ಈಗಲೂ ಟೀಚರ್.

ನೆರೆಮನೆಯವರು ಒಮ್ಮೆ ನನ್ನ ಅತ್ತೆಯ ಹತ್ತಿರ ಕೇಳಿದರಂತೆ, “ಸೊಸೆಗೆ ಈಗ ಆಸ್ಪತ್ರೆಯಲ್ಲಿ ಕೆಲಸವಾ?”

ಅತ್ತೆ ಹೇಳಿದರಂತೆ, “ಅಲ್ಲ. ಆಸ್ಪತ್ರೆಯವರಿಗೆ ಕೆಲಸ ಕೊಡುದು.”

ಇಷ್ಟು ಚೆನ್ನಾಗಿ ನನಗೂ ಹೇಳಲಿಕ್ಕೆ ಬರುವುದಿಲ್ಲ.

ಒಂದು ಕಡ್ಡಿಯೂ ಇಲ್ಲ

ಮೊದಲ ಸಭೆ ಇಟ್ಟದ್ದು ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಮೇಲಿನ ಒಂದು ಊರಿನಲ್ಲಿ. ನಮ್ಮ ಬೇಡಿಕೆ ಸಣ್ಣದು. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಮಧ್ಯಾಹ್ನದವರೆಗೆ ಮಾತ್ರ ಇರುವುದು. ಕೂಲಿಗೆ ಹೋಗುವವರು ಡಾಕ್ಟರನ್ನು ನೋಡಬೇಕಾದರೆ ಆ ದಿನದ ಕೂಲಿ ಬಿಡಬೇಕು. ಹಾಗಾಗಿ ಜ್ವರವನ್ನೋ ನೋವನ್ನೋ ನುಂಗಿಕೊಂಡು ಇರುತ್ತಾರೆ. ತಡೆಯಲಿಕ್ಕೆ ಆಗದಾಗ ಮಂಗಳೂರಿಗೆ ಓಡುತ್ತಾರೆ. ಸಂಜೆ ಹೊತ್ತು ಒಬ್ಬ ಡಾಕ್ಟರು ಬೇಕು, ಅಷ್ಟೆ.

“ಸಾರ್ವತ್ರಿಕ ಆರೋಗ್ಯ ರಕ್ಷಣೆ” ಎಂದು ನೋಟೀಸಿನಲ್ಲಿ ಹಾಕಿದರೆ ಒಂದು ಜನ ಬರುವುದಿಲ್ಲವೆಂದು ಊರಿನ ಕ್ಲಬ್ಬಿನವರು “ಎಲ್ಲರಿಗೂ ಕವರೇಜ್! ತಪ್ಪದೆ ಬನ್ನಿ!” ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು. ಹೋಗಿ ನೋಡಿದರೆ ಹಾಲ್ ತುಂಬಿ ಜನ ಕಿಟಕಿಯಲ್ಲಿ ನೇತಾಡುತ್ತಿದ್ದಾರೆ! ನನಗೆ ಹುರುಪು ಏರಿತು.

“ಕವರೇಜ್ ಎಂಬುದು ಯಾರೂ ಕೊಡುವ ಭಿಕ್ಷೆ ಅಲ್ಲ, ನಮ್ಮ ಹಕ್ಕು!” ಎಂದೆ. ಚಪ್ಪಾಳೆ.

“ಪೇಟೆಯವರಿಗೆ ಒಂದು ರೀತಿ, ಗುಡ್ಡದವರಿಗೆ ಒಂದು ರೀತಿ ಇರಬಾರದು!” ಶಿಳ್ಳೆ.

“ಹಗಲು ಮಾತ್ರ ಸಿಕ್ಕಿದರೆ ಸಾಲದು, ಸಂಜೆಗೂ ಬೇಕು!” ಜನ ಎದ್ದೇ ನಿಂತರು.

ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. “ಎಲ್ಲ ಸರಿ ಟೀಚರೇ. ಟವರ್ ಯಾರ ಜಾಗದಲ್ಲಿ ಹಾಕುದು?”

ಆಮೇಲೆ ಗೊತ್ತಾಯಿತು. ಆ ಊರಿನಲ್ಲಿ ಮೊಬೈಲಿಗೆ ಸಿಗ್ನಲಿನ ಒಂದು ಕಡ್ಡಿಯೂ ಬರುವುದಿಲ್ಲ. ಫೋನು ಮಾಡಬೇಕಾದರೆ ನೀರಿನ ಟ್ಯಾಂಕಿ ಹತ್ತಬೇಕು. ನಾನು ಬಂದದ್ದು ಡಾಕ್ಟರ ವಿಷಯಕ್ಕೆ ಎಂದು ಬಿಡಿಸಿ ಹೇಳಿದ ಕೂಡಲೇ ಕಿಟಕಿಯಲ್ಲಿದ್ದವರು ಇಳಿದರು, ಹಿಂದಿನ ಸಾಲು ಚಪ್ಪಲಿ ಹುಡುಕತೊಡಗಿತು.

ಆಗ ಬೀಡಿ ಕಟ್ಟುವ ಒಬ್ಬಳು ಅಕ್ಕ ಎದ್ದು ನಿಂತಳು. “ಕೂತ್ಕೊಳ್ಳಿ ಎಲ್ಲ! ಮೊನ್ನೆ ಮಳೆಗಾಲದಲ್ಲಿ ನಮ್ಮನೆಯವರಿಗೆ ಎದೆನೋವು ಬಂದಾಗ ಆಂಬುಲೆನ್ಸಿಗೆ ಫೋನು ಮಾಡ್ಲಿಕ್ಕೆ ನಾನು ಆ ಟ್ಯಾಂಕಿ ಹತ್ತಿದ್ದು. ಸೀರೆ ಎತ್ತಿ ಕಟ್ಟಿ, ಮಳೆಯಲ್ಲಿ. ಅವರು ಉಳಿದದ್ದು ದೇವರು ದೊಡ್ಡವ. ಟವರೂ ಬೇಕು, ಡಾಕ್ಟ್ರೂ ಬೇಕು. ಟೀಚರು ಹೇಳುದೂ ನೀವು ಹೇಳುದೂ ಒಂದೇ ಕವರೇಜ್ ಅಲ್ವಾ?”

ಎಲ್ಲರೂ ಕೂತರು. ನನ್ನ ಭಾಷಣ ಮಾಡದ ಕೆಲಸವನ್ನು ಅವಳು ಮಾಡಿದಳು. ಎರಡು ಬೇಡಿಕೆಗಳನ್ನೂ ಒಂದೇ ಮನವಿಯಲ್ಲಿ ಬರೆದು ಅವಳನ್ನೇ ಕರೆದುಕೊಂಡು ಪಂಚಾಯತು ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ತಿರುಗಿಸಿ ಮುರುಗಿಸಿ ನೋಡಿ, “ಇದನ್ನು ಆರೋಗ್ಯದ ಫೈಲಿಗೆ ಹಾಕುದಾ, ಟೆಲಿಫೋನಿನ ಫೈಲಿಗೆ ಹಾಕುದಾ?” ಎಂದು ಕೇಳಿದರು.

“ಎರಡಕ್ಕೂ ಹಾಕಿ ಸಾರ್,” ಎಂದಳು ಅಕ್ಕ. “ಯಾವುದರಲ್ಲಿ ಮೊದಲು ಕಡ್ಡಿ ಬರ್ತದೆ ನೋಡುವ.”

ಉತ್ತರ ಕೊಡು ರಾಜನ್!

ಪಂಚಾಯತು ಅಧ್ಯಕ್ಷರು ಒಳ್ಳೆಯವರೇ. ಆದರೆ “ನೋಡುವ” ಎಂಬ ಮಾತಿನ ಮೇಲೆ ಅವರಿಗೆ ಬಹಳ ಪ್ರೀತಿ. ಅವರನ್ನು ವೇದಿಕೆಗೆ ಹತ್ತಿಸಿ ಜನರ ಎದುರು ಒಂದು ಮಾತು ತೆಗೆಸಬೇಕೆಂದು ಬಹಿರಂಗ ಸಭೆ ಇಟ್ಟೆವು. ತಿರುವನಂತಪುರದಿಂದ ಒಬ್ಬ ತಜ್ಞರನ್ನು ಕರೆಸಿದೆವು. ತುಂಬ ತಿಳಿದವರು, ತುಂಬ ಮೆತ್ತಗಿನವರು. ಮಾತಾಡಿದರೆ ಮೈಕಿಗೂ ಕೇಳಿಸುವುದಿಲ್ಲ. ಅವರದ್ದು ಮಲಯಾಳಂ, ಸಭೆಯಲ್ಲಿದ್ದ ಹಿರಿಯರಲ್ಲಿ ಅರ್ಧದಷ್ಟು ಜನರದ್ದು ಕನ್ನಡ, ತುಳು. ಅನುವಾದ ಮಾಡಬೇಕಾಗಿದ್ದವರಿಗೆ ಅದೇ ದಿನ ಜ್ವರ.

ಪಕ್ಕದ ಊರಿನಲ್ಲಿ ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಹಳೆಯ ಅರ್ಥಧಾರಿ ಒಬ್ಬರಿದ್ದಾರೆ. ಎರಡೂ ಭಾಷೆ ನೀರು ಕುಡಿದ ಹಾಗೆ. ಓಡಿಹೋಗಿ ಕೈಮುಗಿದೆ.

“ಪಾತ್ರ ಯಾವುದು?” ಎಂದು ಕೇಳಿದರು.

“ಪಾತ್ರ ಇಲ್ಲ ಅಣ್ಣ, ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುದು ಅಷ್ಟೆ.”

“ಅಂದ್ರೆ ಅವರದ್ದೇ ಪಾತ್ರ,” ಎಂದು ಶಾಲು ಹೊದ್ದು ಹೊರಟರು.

ತಜ್ಞರು ಮೆಲ್ಲಗೆ ಆರಂಭಿಸಿದರು. “ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಲವಾಗಬೇಕು,” ಎಂದು ಒಂದು ವಾಕ್ಯ ಹೇಳಿ ನಿಲ್ಲಿಸಿದರು.

ನಮ್ಮ ಅರ್ಥಧಾರಿ ಗಂಟಲು ಸರಿಮಾಡಿಕೊಂಡರು. “ಸಭಾಸದರೇ! ದೇಹವೆಂಬುದು ಒಂದು ರಾಜ್ಯ. ರೋಗವೆಂಬ ಶತ್ರು ಆ ರಾಜ್ಯಕ್ಕೆ ಎಲ್ಲಿಂದ ನುಗ್ಗುತ್ತಾನೆ? ಹೆಬ್ಬಾಗಿಲಿನಿಂದ! ಆ ಹೆಬ್ಬಾಗಿಲಿನಲ್ಲಿ ಕಾವಲುಗಾರ ನಿದ್ದೆ ಹೋದರೆ ಅಂತಃಪುರದಲ್ಲಿ ಎಷ್ಟು ಜನ ವೈದ್ಯರಿದ್ದರೆ ಎಂತ ಪ್ರಯೋಜನ?” ಅಲ್ಲಿಂದ ಹೊರಟು ಸಮುದ್ರಮಥನಕ್ಕೆ ಹೋಗಿ, ಧನ್ವಂತರಿಯನ್ನು ಕಲಶ ಸಹಿತ ಮೇಲೆತ್ತಿ, ಲಂಕೆಗೆ ಇಳಿದು, ಸಂಜೀವಿನಿ ಪರ್ವತವನ್ನು ಹೊತ್ತುಕೊಂಡು ವಾಪಸು ಆರೋಗ್ಯ ಕೇಂದ್ರಕ್ಕೆ ಬರುವಷ್ಟರಲ್ಲಿ ತಜ್ಞರು ತಮ್ಮ ಲೋಟದ ನೀರನ್ನೂ ನನ್ನ ಲೋಟದ ನೀರನ್ನೂ ಕುಡಿದು ಮುಗಿಸಿದ್ದರು.

“ನಾನು ಇಷ್ಟೆಲ್ಲ ಹೇಳಿದೆನಾ?” ಎಂದು ಅವರು ಮಲಯಾಳಂನಲ್ಲಿ ನನ್ನ ಕಿವಿಯಲ್ಲಿ ಕೇಳಿದರು.

“ಕನ್ನಡದಲ್ಲಿ ಸ್ವಲ್ಪ ಉದ್ದ ಆಗ್ತದೆ ಸಾರ್,” ಎಂದೆ.

ತೊಂದರೆ ಆದದ್ದು ಆಮೇಲೆ. ತಾಳಮದ್ದಳೆಯಲ್ಲಿ ಒಬ್ಬ ಒಂದು ಮಾತು ಹೇಳಿದರೆ ಇನ್ನೊಬ್ಬ ಅದನ್ನು ಮುರಿಯಬೇಕು. ಆಯುಷ್ಯವಿಡೀ ಅದೇ ಅಭ್ಯಾಸ. ತಜ್ಞರು, “ಸಂಜೆಯೂ ಡಾಕ್ಟರು ಬೇಕೆಂದರೆ ಜನರು ಪಂಚಾಯತಿನೊಂದಿಗೆ ಸಹಕರಿಸಬೇಕು,” ಎಂದರು. ನಮ್ಮವರು ಅದನ್ನು ಹೇಳಿದರು. ಹೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅಧ್ಯಕ್ಷರ ಕಡೆ ತಿರುಗಿ ಶಾಲು ಹಾರಿಸಿ, “ಒಪ್ಪಿದೆ! ಪ್ರಜೆಗಳು ಸಹಕರಿಸಬೇಕು. ಆದರೆ ಕೇಳುತ್ತೇನೆ, ಮುಚ್ಚಿದ ಬಾಗಿಲಿನ ಎದುರು ನಿಂತು ಸಹಕರಿಸುವುದು ಹೇಗೆ? ಉತ್ತರ ಕೊಡು ರಾಜನ್!” ಎಂದುಬಿಟ್ಟರು.

ಅಧ್ಯಕ್ಷರೂ ಸಣ್ಣಂದಿನಿಂದ ತಾಳಮದ್ದಳೆ ಕೇಳಿ ಬೆಳೆದವರು. ಮೈಮೇಲೆ ಬಂದ ಹಾಗೆ ಎದ್ದು ನಿಂತರು. “ಕೊಟ್ಟೆ! ಬಾಗಿಲು ತೆರೆಸಿಕೊಟ್ಟೆ! ದೀಪ ಕೊಟ್ಟೆ, ಔಷಧ ಕೊಟ್ಟೆ, ಔಷಧ ಕೊಡುವವರನ್ನೂ ಕೊಟ್ಟೆ! ಡಾಕ್ಟರನ್ನು ಮಾತ್ರ ಜಿಲ್ಲೆಯವರು ಕೊಡಲಿ!”

ಚಪ್ಪಾಳೆ ನಿಲ್ಲಲೇ ಇಲ್ಲ. ಕೂತ ಮೇಲೆ ಅವರಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಆದರೆ ಅಷ್ಟು ಹೊತ್ತಿಗೆ ಸಭೆಯ ಮೊಬೈಲುಗಳೆಲ್ಲ ಅದನ್ನು ಹಿಡಿದಾಗಿತ್ತು. ಕೊಟ್ಟ ಮಾತನ್ನು ಅವರು ಉಳಿಸಿಕೊಂಡರು. ಆ ಉಪಕಾರವನ್ನು ನಾವು ಮರೆಯುವ ಹಾಗಿಲ್ಲ.

ತಜ್ಞರು ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. “ಇಷ್ಟು ವರ್ಷದಿಂದ ಭಾಷಣ ಮಾಡುತ್ತಾ ಇದ್ದೇನೆ. ನನ್ನ ಮಾತು ಕೇಳಿ ಒಬ್ಬ ಅಧ್ಯಕ್ಷರು ಎದ್ದು ನಿಂತು ಒಪ್ಪಿಕೊಂಡದ್ದು ಇದೇ ಮೊದಲು!”



ಕರಾವಳಿಯ ಪ್ರತಿನಿಧಿ

ಇನ್ನು ಡಾಕ್ಟರನ್ನು ಜಿಲ್ಲೆಯವರು ಕೊಡಬೇಕು. ಜಿಲ್ಲೆಯ ಆರೋಗ್ಯಾಧಿಕಾರಿಯನ್ನು ಕಾಣಲು ಗುಡ್ಡದವರು ಮಾತ್ರ ಹೋದರೆ ಸಾಲದು, ಕಡಲ ಬದಿಯ ಹೆಂಗಸರೂ ಬರಬೇಕೆಂದು ತೀರ್ಮಾನ. ಅವರದ್ದೂ ಇದೇ ಕಷ್ಟ. ಮೊಗ್ರಾಲಿನ ಮೀನು ಮಾರುವ ಅಕ್ಕಂದಿರು ಬರುತ್ತೇವೆಂದು ಒಪ್ಪಿದ್ದರು.

ಬೆಳಿಗ್ಗೆ ಹೋಗಿ ನೋಡಿದರೆ ಕಡಲ ಬದಿಯಲ್ಲಿ ಜಾತ್ರೆ. ಎಷ್ಟೋ ದಿನ ಖಾಲಿ ಬಂದ ದೋಣಿಗಳು ಅವತ್ತು ತುಂಬಿ ಬಂದಿವೆ.

“ಇವತ್ತು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಟೀಚರೇ, ಬೇಸರ ಮಾಡ್ಬೇಡಿ,” ಎಂದರು ಅವರಲ್ಲಿ ಹಿರಿಯ ಅಕ್ಕ. ಒಂದು ಚೀಲಕ್ಕೆ ಮೀನು ತುಂಬಿಸಿ ನನ್ನ ಕೈಗೆ ಕೊಟ್ಟರು. “ನಮ್ಮ ಲೆಕ್ಕದಲ್ಲಿ ಇದು ಇರ್ಲಿ.”

ನಮ್ಮ ಮನೆಯಲ್ಲಿ ಮೀನು ತಿನ್ನುವ ಕ್ರಮ ಇಲ್ಲ. ಆದರೆ ದೋಣಿಯ ಮೊದಲ ಮೀನನ್ನು ಅಷ್ಟು ಪ್ರೀತಿಯಿಂದ ಕೊಟ್ಟ ಕೈಗೆ ಬೇಡ ಎನ್ನುವುದು ಹೇಗೆ? ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ನನ್ನನ್ನು ಹಿಂದಿನ ಸೀಟಿಗೆ ಕಳಿಸಿದರು. ಹಿಂದಿನ ಸೀಟಿನವರು ಮುಂದೆ ಹೋದರು.

ಆಫೀಸಿನಲ್ಲಿ ಚೀಲವನ್ನು ಮೇಜಿನ ಕೆಳಗೆ ಇಟ್ಟು ಕೂತೆ. ಮೇಲೆ ಫ್ಯಾನು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಮೂಗು ಮುರಿದು ಒಬ್ಬರನ್ನೊಬ್ಬರು ನೋಡತೊಡಗಿದರು.

ಅಧಿಕಾರಿ ಕೇಳಿದರು, “ಕರಾವಳಿಯ ಹೆಂಗಸರೂ ಬರುತ್ತಾರೆ ಎಂದಿದ್ದಿರಲ್ಲ, ಎಲ್ಲಿ?”

ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, “ಪ್ರತಿನಿಧಿ ಬಂದಿದ್ದಾರೆ ಸಾರ್. ಮೇಜಿನ ಕೆಳಗೆ ಇದ್ದಾರೆ.”

ಅಧಿಕಾರಿ ಬಗ್ಗಿ ನೋಡಿದರು. ಚೀಲದ ಬಾಯಿ ಬಿಡಿಸಿದರು. ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರು ತಲೆ ಎತ್ತಿದಾಗ ಮುಖ ಬೇರೆಯೇ ಆಗಿತ್ತು. “ಬಂಗುಡೆ! ಈಗಷ್ಟೆ ಹಿಡಿದದ್ದು. ಹಾಗಾದರೆ ಅವರು ಬಾರದಿದ್ದದ್ದು ನ್ಯಾಯವೇ,” ಎಂದರು. ಚೀಲದ ಬಾಯಿ ಮತ್ತೆ ಕಟ್ಟುತ್ತಾ, “ನನ್ನ ತಾಯಿಯೂ ಮೀನಿನ ಬುಟ್ಟಿ ಹೊತ್ತವರು. ಜ್ವರ ಬಂದರೂ ಹೊತ್ತು ಮುಳುಗುವವರೆಗೆ ಹೇಳುತ್ತಿರಲಿಲ್ಲ. ಹೇಳುವಾಗ ಡಾಕ್ಟರು ಇರುತ್ತಿರಲಿಲ್ಲ,” ಎಂದರು. ಅಲ್ಲಿಂದ ಮುಂದೆ ನಾವು ವಿವರಿಸಿ ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ.

“ಈ ಮೀನು ನಾನು ತೆಗೆದುಕೊಂಡರೆ ಲಂಚ ಆಗುತ್ತದೆ. ಕ್ಯಾಂಟೀನಿಗೆ ಕೊಡಿ,” ಎಂದರು. ಕ್ಯಾಂಟೀನಿನ ಅಕ್ಕ ಮಸಾಲೆ ಹಚ್ಚಿ ಹುರಿದು ಕಂಡಕಂಡವರಿಗೆಲ್ಲ ಬಡಿಸಿದಳು. ನಾನು ಮೊಸರನ್ನ ಉಂಡೆ. ಕೈ ತೊಳೆಯುವಲ್ಲಿ ಬೇರೆ ಇಲಾಖೆಯವರೊಬ್ಬರು, ಯಾವತ್ತೂ ನಮ್ಮ ಮುಖ ನೋಡದವರು, ಬಹಳ ವಿನಯದಿಂದ ಕೇಳಿದರು: “ಮೇಡಂ, ಆರೋಗ್ಯದ ಮೀಟಿಂಗ್ ಇನ್ನು ಯಾವಾಗ?”

ಕಾಫಿಯ ಗುಟ್ಟು

ಅದೇ ಅಧಿಕಾರಿ ಆರೋಗ್ಯ ಕೇಂದ್ರ ನೋಡಲು ಬರುವುದೆಂದಾಯಿತು. ನಮ್ಮ ವಾಟ್ಸಾಪ್ ಗುಂಪಿಗೆ ಅವರನ್ನೂ ಸೇರಿಸಿದೆ, ಸಮಯ ತಿಳಿಸಲಿಕ್ಕೆ ಸುಲಭ ಎಂದು. ಸೇರಿಸಿದ್ದನ್ನು ಮಹಿಳಾ ಸಂಘದ ಖಜಾಂಚಿ ನೋಡಲಿಲ್ಲ. ಅವರು ಗುಂಪಿಗೆ ಒಂದು ಧ್ವನಿ ಸಂದೇಶ ಬಿಟ್ಟರು: “ಎಲ್ಲರೂ ಕೇಳಿ. ಆಫೀಸರಿಗೆ ಮೊದಲೇ ಕಾಫಿ ಕೊಡ್ಬೇಡಿ. ಈ ದೊಡ್ಡವರೆಲ್ಲ ಕಾಫಿ ಕುಡಿದ ಕೂಡ್ಲೇ ಇನ್ನೊಂದು ಪ್ರೋಗ್ರಾಂ ಉಂಟು ಅಂತ ಎದ್ದು ಹೋಗುದು. ಕೆಲಸ ಆಗುವವರೆಗೆ ಬರೀ ನೀರು.”

ಮರುದಿನ ಅಧಿಕಾರಿ ಬಂದು ಎಲ್ಲ ಕೋಣೆ ನೋಡಿದರು, ಎಲ್ಲರ ಮಾತು ಕೇಳಿದರು, ಮುಂದಿನ ತಿಂಗಳಿಂದಲೇ ಸಂಜೆಗೆ ಒಬ್ಬ ಡಾಕ್ಟರನ್ನು ಕಳಿಸುತ್ತೇನೆ ಎಂದರು. ಆಮೇಲೆ ಖಜಾಂಚಿಯ ಕಡೆ ತಿರುಗಿ ಕೈಜೋಡಿಸಿದರು.

“ಅಕ್ಕ, ಈಗ ಕಾಫಿ ಕೊಡಬಹುದಾ?”

ಪ್ರಶ್ನೆ ಉಂಟು

ಬಂದ ಡಾಕ್ಟರು ಕೇರಳದ ತೆಂಕಣ ಜಿಲ್ಲೆಯೊಂದರ ಹುಡುಗಿ. ಓದು ಮುಗಿಸಿ ಮೊದಲ ಕೆಲಸ. ಕನ್ನಡ, ತುಳು ಎರಡೂ ಬಾರದು. ಉದ್ಘಾಟನೆಯ ಸಂಜೆ ಊರೇ ನೆರೆದಿತ್ತು. ದೀಪ ಹಚ್ಚಿ ಆಯಿತು, ಪಾಯಸ ಹಂಚಿ ಆಯಿತು, ಡಾಕ್ಟರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತದ್ದೂ ಆಯಿತು. ಆದರೆ ಒಳಗೆ ಹೋಗುವವರು ಯಾರೂ ಇಲ್ಲ! ಒಳ್ಳೆಯ ದಿನ ಮೊದಲಿಗನಾಗಿ ಹೋಗಿ ಕಾಯಿಲೆ ಹೇಳಲಿಕ್ಕೆ ಎಲ್ಲರಿಗೂ ಸಂಕೋಚ. ಇಷ್ಟು ದಿನ ಗಂಟುನೋವು, ದಮ್ಮು ಎಂದು ನನ್ನ ಕಿವಿ ತಿಂದವರೆಲ್ಲ, “ನನಗೆ ಎಂತ ಇಲ್ಲ ಟೀಚರೇ, ಗಟ್ಟಿ ಇದ್ದೇನೆ,” ಎನ್ನುತ್ತಿದ್ದಾರೆ. ರೋಗಿಗಳೇ ಇಲ್ಲವೆಂದು ವರದಿ ಹೋದರೆ ಸಂಜೆಯ ಡಾಕ್ಟರು ಹೋದ ಹಾಗೆಯೇ.

ಕೊನೆಗೆ ಒಬ್ಬರು ಅಜ್ಜಿ ಕಿಟಕಿಯಿಂದ ಇಣುಕಿದರು. “ಪಾಪ, ಆ ಹುಡುಗಿ ಒಬ್ಬಳೇ ಕೂತಿದ್ದಾಳೆ,” ಎಂದು ಕೋಲು ಊರಿಕೊಂಡು ಒಳಗೆ ಹೋದರು. ನಾನೂ ಹಿಂದೆಯೇ ಹೋದೆ.

ಡಾಕ್ಟರು ಮಲಯಾಳಂನಲ್ಲಿ ಪ್ರೀತಿಯಿಂದ ಕೇಳಿದರು, “ಎಂದೆಂಗಿಲುಂ ಪ್ರಶ್ನಂ ಉಂಡೋ ಅಮ್ಮೇ?”

ಅವರ ಭಾಷೆಯಲ್ಲಿ ‘ಪ್ರಶ್ನಂ’ ಎಂದರೆ ತೊಂದರೆ. ಅಜ್ಜಿಗೆ ಕೇಳಿಸಿದ್ದು ಪ್ರಶ್ನೆ.

“ಉಂಟು ಉಂಟು,” ಎಂದು ಅಜ್ಜಿ ಕುರ್ಚಿ ಎಳೆದುಕೊಂಡರು. “ನಿನ್ನ ಊರು ಯಾವುದು? ಊಟಕ್ಕೆ ಎಂತ ಮಾಡ್ತಿ? ಉಳಕೊಳ್ಳುದು ಎಲ್ಲಿ? ಮದುವೆ ಆಗಿದಾ?”

ನಾನು ಅನುವಾದ ಮಾಡಿದೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಮನೆ ಬಿಟ್ಟು ಬಂದ ಮೇಲೆ ಊಟ ಆಯಿತಾ ಎಂದು ಅವರನ್ನು ಕೇಳಿದವರು ಯಾರೂ ಇರಲಿಲ್ಲವಂತೆ. ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟು, ಮಧ್ಯೆ ಮೆಲ್ಲಗೆ ಅಜ್ಜಿಯ ನಾಡಿ ನೋಡಿ, ಊದಿದ ಕಾಲು ನೋಡಿ, ಮಾತ್ರೆ ಕೊಟ್ಟರು.

ಅಜ್ಜಿ ಹೊರಗೆ ಬಂದಾಗ ಜನ ಮುತ್ತಿಕೊಂಡರು. “ಹೇಗಿದ್ದಾರೆ ಡಾಕ್ಟ್ರು?”

“ಹೆದರುವಂಥದ್ದು ಎಂತ ಇಲ್ಲ,” ಎಂದರು ಅಜ್ಜಿ. “ಸ್ವಲ್ಪ ಮನೆಯ ನೆನಪು. ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿಕ್ಕೆ ಹೇಳಿದ್ದೇನೆ. ನೀವೆಲ್ಲ ದಿನಾ ಒಬ್ಬೊಬ್ಬರು ಹೋಗಿ ನೋಡಿ ಬನ್ನಿ.”

ನಾಯ್ಮಾರ್ಮೂಲೆಯ ರೋಗಿ

ಸಂಜೆಯ ಡಾಕ್ಟರು ಸಿಕ್ಕಿದ ಮೇಲೆ ನಮಗೆ ಧೈರ್ಯ ಬಂತು. ಮುಂದಿನ ಬೇಡಿಕೆ ದೊಡ್ಡದು: ಹೃದಯದ ಕಾಯಿಲೆಗೆ ಮಂಗಳೂರಿಗೆ ಓಡಬೇಕಾಗದ ಹಾಗೆ ಜಿಲ್ಲೆಯಲ್ಲೇ ಪೂರ್ತಿ ಚಿಕಿತ್ಸೆ ಬೇಕು. ಅದಕ್ಕೊಂದು ಬೀದಿ ನಾಟಕ ಕಟ್ಟಿದೆವು. ರೋಗಿಯ ಪಾತ್ರಕ್ಕೆ ವಾಚನಾಲಯದ ಕಾರ್ಯದರ್ಶಿ, ನಿವೃತ್ತ ಹಿಂದಿ ಮಾಷ್ಟ್ರು. ನಾಟಕದಲ್ಲಿ ಅವರು ಎದೆ ಹಿಡಿದುಕೊಂಡು ಬೀಳಬೇಕು, ಮಂಗಳೂರಿನ ದಾರಿಯಲ್ಲಿ ಸಾಯಬೇಕು, ಕೊನೆಗೆ ಹೆಣವೇ ಎದ್ದು ಕೂತು ಜನರಿಗೆ ಒಂದು ಮಾತು ಹೇಳಬೇಕು. ಅವರಿಗೆ ಇದ್ದದ್ದು ಅದೊಂದೇ ಮಾತು.

ಮೊದಲ ಪ್ರದರ್ಶನ ನಾಯ್ಮಾರ್ಮೂಲೆ ಪೇಟೆಯಲ್ಲಿ, ಸಂಜೆ. ಬ್ಯಾನರು ಕಟ್ಟುತ್ತಾ ಇದ್ದೇವೆ, ಮೈಕು ಇನ್ನೂ ಬಂದಿಲ್ಲ, ಜನ ಸೇರಿದ್ದು ನೋಡಿ ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಎದೆ ಹಿಡಿದುಕೊಂಡರು, ಕಣ್ಣು ಮೇಲೆ ಮಾಡಿದರು, ಬಿದ್ದರು. ಎಷ್ಟು ಚಂದ ಬಿದ್ದರೆಂದರೆ ಒಂದು ಕ್ಷಣ ನನಗೇ ಎದೆ ಧಸಕ್ಕೆಂದಿತು.

ಅದೇ ಹೊತ್ತಿಗೆ ಒಂದು ಜೀಪು ಬಂತು. ನಾಲ್ಕೈದು ಜನ ಯುವಕರು ಹಾರಿ ಇಳಿದರು. “ದಾರಿ ಬಿಡಿ, ದಾರಿ ಬಿಡಿ!” ಮಾಷ್ಟ್ರನ್ನು ಮಗುವಿನ ಹಾಗೆ ಎತ್ತಿ ಜೀಪಿನಲ್ಲಿ ಮಲಗಿಸಿದರು.

“ಅಯ್ಯೋ, ನಾಟಕ! ನಾಟಕ!” ಎಂದು ಕೂಗುತ್ತಾ ಓಡಿದೆ.

“ನಾಟಕ ಮತ್ತೆ ನೋಡುವ ಅಕ್ಕ, ಮೊದಲು ಜೀವ!” ಎಂದು ಒಬ್ಬ ಬಾಗಿಲು ಹಾಕಿಕೊಂಡ.

ಒಳಗೆ ಮಾಷ್ಟ್ರು, “ನನಗೆ ಎಂತ ಆಗ್ಲಿಲ್ಲ ಮಾರಾಯ್ರೆ!” ಎಂದು ಏಳಲು ಹೋದರಂತೆ. “ಹಾರ್ಟಿನವರೆಲ್ಲ ಹಾಗೇ ಹೇಳುದು ಸಾರ್, ಮಾತಾಡ್ಬೇಡಿ,” ಎಂದು ಎದೆಯ ಮೇಲೆ ಕೈಯಿಟ್ಟು ಮಲಗಿಸಿದರಂತೆ. ಹಾರ್ನು ಹೊಡೆದುಕೊಂಡು, ಕಿಟಕಿಯಿಂದ ಬಿಳಿ ಟವೆಲು ಬೀಸಿಕೊಂಡು ಜೀಪು ಹೊರಟಿತು. ಎದುರು ಬಂದ ಬಸ್ಸು ಲಾರಿಗಳೆಲ್ಲ ಬದಿಗೆ ಸರಿದು ನಿಂತವು. ಹಿಂದಿನಿಂದ ರಿಕ್ಷಾದಲ್ಲಿ ನಾನು. ನನ್ನ ಹಿಂದೆ ಬೈಕುಗಳಲ್ಲಿ ನಮ್ಮ ಪ್ರೇಕ್ಷಕರು.

ನಾನು ಆಸ್ಪತ್ರೆ ತಲುಪುವಾಗ ಮಾಷ್ಟ್ರ ಎದೆಗೆ ವೈರುಗಳನ್ನು ಅಂಟಿಸಿ ಆಗಿತ್ತು. ಕ್ಷಮೆ ಕೇಳಲೆಂದು ಡಾಕ್ಟರ ಹತ್ತಿರ ಹೋದರೆ ಅವರ ಮುಖ ಗಂಭೀರ. “ಇವರು ಬಿಪಿಗೆ ಮಾತ್ರೆ ತೆಗೆದುಕೊಳ್ಳುವುದಿಲ್ಲವಾ? ಇಷ್ಟು ಏರಿದೆ! ಹೃದಯಕ್ಕೂ ಸ್ವಲ್ಪ ಪೆಟ್ಟಾಗಲು ಶುರುವಾಗಿದೆ. ಇವತ್ತು ತಂದದ್ದು ಒಳ್ಳೆಯದಾಯಿತು.”

ಬಿಪಿ ನೋಡುವ ಶಿಬಿರಗಳಲ್ಲಿ ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿದವರು ಈ ಮಾಷ್ಟ್ರು. ತನ್ನ ಕೈ ಮಾತ್ರ ಒಮ್ಮೆಯೂ ಮುಂದೆ ಚಾಚಿರಲಿಲ್ಲ.

ಹೊರಗೆ ಬೆಂಚಿನಲ್ಲಿ ಆ ಯುವಕರು ಸಾಲಾಗಿ ಕೂತಿದ್ದರು. ಅವರ ಹೆಸರು ಊರು ನನಗೆ ಗೊತ್ತಿಲ್ಲ, ಅವರಿಗೂ ಮಾಷ್ಟ್ರು ಯಾರೆಂದು ಗೊತ್ತಿಲ್ಲ. ವಿಷಯ ಹೇಳಿ ಕೈಮುಗಿದೆ. ಅವರಲ್ಲೊಬ್ಬ ತಲೆ ಕೆರೆದುಕೊಂಡು, “ಹಾಗಾದ್ರೆ ಅದು ನಿಜವಾಗಿಯೂ ನಾಟಕವಾ ಅಕ್ಕ?” ಎಂದು ಕೇಳಿದ. ನಾನು ಅಳುವುದೋ ನಗುವುದೋ! ಮಾಷ್ಟ್ರು ಈಗ ದಿನಾ ಮಾತ್ರೆ ತೆಗೆದುಕೊಂಡು, ಬೆಳಿಗ್ಗೆ ಸಂಜೆ ನಡೆದುಕೊಂಡು ಆರಾಮವಾಗಿದ್ದಾರೆ. ಆ ಹುಡುಗರಿಗೆ ನಾವು ಎಷ್ಟು ಋಣಿಗಳೆಂದು ಹೇಳಿ ಮುಗಿಯುವುದಿಲ್ಲ.

ಆದರೆ ಅವತ್ತಿನದ್ದು ಅಲ್ಲಿಗೆ ಮುಗಿಯಲಿಲ್ಲ. ಇಂಜೆಕ್ಷನ್ ಕೊಟ್ಟು ಸ್ವಲ್ಪ ಹೊತ್ತಾದ ಮೇಲೆ ಮಾಷ್ಟ್ರು ಕಣ್ಣು ಬಿಟ್ಟರು. ಕರ್ಟನಿನ ಸಂದಿಯಿಂದ ನೋಡಿದರೆ ಬಾಗಿಲಲ್ಲಿ ನಾಟಕದವರೆಲ್ಲ ಇದ್ದಾರೆ, ಪ್ರೇಕ್ಷಕರೂ ಇದ್ದಾರೆ, ತನ್ನ ಮಾತೊಂದು ಬಾಕಿ ಉಂಟು. ವೈರುಗಳ ಸಹಿತ ಎದ್ದು ಕೂತು, ಬಲಗೈ ಎತ್ತಿ, ವಾರ್ಡು ನಡುಗುವ ಹಾಗೆ ಕೂಗಿದರು:

“ಬಂಧುಗಳೇ! ನಾನು ಸತ್ತದ್ದು ರೋಗದಿಂದ ಅಲ್ಲ, ದಾರಿಯಿಂದ!”

ನರ್ಸ್ ಕೈಯಲ್ಲಿದ್ದ ಟ್ರೇ ಕೆಳಗೆ ಬಿತ್ತು. ಪಕ್ಕದ ಹಾಸಿಗೆಯ ಅಜ್ಜ ಮುಸುಕು ಹಾಕಿಕೊಂಡರು. ಡಾಕ್ಟರು ಓಡಿ ಬಂದು ಮಾಷ್ಟ್ರ ಕಣ್ಣಿಗೆ ಟಾರ್ಚ್ ಬಿಟ್ಟು, “ಬೇಗ, ತಲೆಯ ಸ್ಕ್ಯಾನಿಗೆ ಹೇಳಿ!” ಎಂದರು.

ಸುದ್ದಿ ಕೇಳಿ ಓಡಿ ಬಂದ ಮಾಷ್ಟ್ರ ಹೆಂಡತಿ ಅಷ್ಟರಲ್ಲಿ ಬಾಗಿಲಿಗೆ ತಲುಪಿದ್ದರು. ಗಂಡನ ಸ್ವರ ಕೇಳಿ ಅವರಿಗೆ ಹೋದ ಜೀವ ಬಂತು.

“ಸ್ಕ್ಯಾನ್ ಬೇಡ ಡಾಕ್ಟ್ರೇ,” ಎಂದರು ಏದುಸಿರು ಬಿಡುತ್ತಾ. “ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಕನ್ನಡಿಯ ಎದುರು ಇವರು ಹೀಗೆಯೇ ಸಾಯುದು.”